ನಮ್ಮ ಬದಿಯ ಕಲ್ಲು

1988ರ ಮಾತು. ಗೋವಾ ಬೇರೆ ರಾಜ್ಯವಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಾನು ಅಂಕೋಲೆಯಿಂದ ಬಂದು ಕಾರವಾರದ ಚಿಕ್ಕಿಯ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಅಣ್ಣನೂ ಅಲ್ಲೇ ಸಣ್ಣ ಕೆಲಸಕ್ಕಿದ್ದ. ಅವನಿಗೆ ಫುಟ್‌ಬಾಲಿನ ಹುಚ್ಚು. ಹಾಗೆಂದು ಆಡುವವನಲ್ಲ, ಆಡುವವರ ಹಿಂದೆ ಕೂಗುತ್ತ ಹೋಗುವವನು. ಆ ಸಲ ನಮ್ಮ ಕಡೆಯ ತಂಡಕ್ಕೆ ಗೋವಾದ ಒಂದು ಹಳ್ಳಿಯಲ್ಲಿ ಮ್ಯಾಚು. ಬಾಡಿಗೆ ಟೆಂಪೊ ಮಾಡಿಕೊಂಡು ಇಪ್ಪತ್ತೈದು ಮಂದಿ ಹೊರಟರು. ಚಿಕ್ಕಿಯ ನಾದಿನಿಯ ಮನೆ ಅದೇ ದಾರಿಯಲ್ಲಿದ್ದದ್ದರಿಂದ ನನಗೂ ಹೇಗೋ ಅಪ್ಪಣೆ ಸಿಕ್ಕಿತು.

ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ, ಪೋಳೆಂ ನಾಕೆ, ಕಾಣಕೋಣ ದಾಟಿ ಕರ್ಮಲ್ ಘಾಟಿ ಇಳಿಯುವವರೆಗೂ ಟೆಂಪೊದಲ್ಲಿ ಹಾಡು. ಸುಗ್ಗಿ ಮುಗಿದ ಗದ್ದೆಯಲ್ಲಿ ಆಟ. ಬದುವಿನ ಮೇಲೆ ನಿಂತು ನೋಡಿದೆವು. ಕೊನೆಯ ಗಳಿಗೆಯಲ್ಲಿ ಅವರಿಗೊಂದು ಪೆನಾಲ್ಟಿ ಸಿಕ್ಕಿತು, ನಾವು ಒಂದು ಗೋಲಿನಿಂದ ಸೋತೆವು. ರೆಫ್ರಿ ಮೋಸ ಮಾಡಿದ ಎಂದು ನಮ್ಮವರು ಕೂಗಾಡುತ್ತ ಟೆಂಪೊ ಹತ್ತಿದರು. ಅವರ ಕಡೆಯ ಹುಡುಗರು ಸಿಳ್ಳೆ ಹಾಕಿದರು, ಅಷ್ಟೆ. ಟೆಂಪೊ ಹೊರಡುವಾಗ ಒಂದು ಕೈ ಹೊರಗೆ ಹೋಗಿ ಒಂದು ಕಲ್ಲು ಬೀಸಿತು. ಸಿಳ್ಳೆ ಹಾಕಿದವರಿಗೆ ಅದು ತಾಗಲಿಲ್ಲ. ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡು ಶೇಂಗಾ ಮಾರುತ್ತಿದ್ದ ಮುದುಕಿಯೊಬ್ಬಳ ಹಣೆಗೆ ತಾಗಿತು. ಅವಳು ಬುಟ್ಟಿಯ ಮೇಲೆಯೇ ಕುಸಿದದ್ದನ್ನೂ ಬೆರಳುಗಳ ನಡುವೆ ರಕ್ತ ಇಳಿದದ್ದನ್ನೂ ನಾನು ಕಂಡೆ. ಟೆಂಪೊ ನಿಲ್ಲಲಿಲ್ಲ. ಯಾರೋ ನಕ್ಕರು. ಕಾಣಕೋಣ ಬರುವಷ್ಟರಲ್ಲಿ ಮತ್ತೆ ಹಾಡು ಶುರುವಾಗಿತ್ತು.

ಆ ಕೈ ಅಣ್ಣನದು.

ಮನೆಗೆ ಬಂದ ಮೇಲೆ ಚಿಕ್ಕಿ ಕೇಳಿದಳು, ‘ಎಂತಾಯ್ತು?’ ‘ಸೋತ್ರು’ ಎಂದೆ. ಅಣ್ಣ ಎಂದಿನಂತೆ ಬಾವಿಯಿಂದ ಚಿಕ್ಕಿಗೆ ನಾಲ್ಕು ಕೊಡ ನೀರು ಸೇದಿಕೊಟ್ಟ. ಬೆಕ್ಕಿನ ಮರಿಗೆ ಪೆಟ್ಟಾದರೆ ಊಟ ಬಿಡುವವನು ಅವನು. ಅಂಥವನ ಕೈಗೆ ಆ ಕಲ್ಲು ಹೇಗೆ ಬಂತು ಎಂಬ ಪ್ರಶ್ನೆ ನನ್ನನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಡಿದೆ. ಆಟದ ನಿಯಮ ಸರಿಯಾಗಿ ಗೊತ್ತಿಲ್ಲದ ನಾನು ಫುಟ್‌ಬಾಲಿನ ಚರಿತ್ರೆ ಓದತೊಡಗಿದ್ದು ಇದೇ ಕಾರಣಕ್ಕೆ.

ಮೊದಲು ಓದಿದ್ದು ಕಲ್ಕತ್ತೆಯದು. ಮೋಹನ್ ಬಗಾನ್ ಗೆದ್ದರೆ ಅವರ ಕಡೆಯವರ ಮನೆಯಲ್ಲಿ ಸಿಗಡಿ. ಈಸ್ಟ್ ಬೆಂಗಾಲ್ ಗೆದ್ದರೆ ಪೂರ್ವ ಬಂಗಾಳದಿಂದ ಬಂದವರ ಮನೆಗಳಲ್ಲಿ ಇಲಿಶ್ ಮೀನು. ಮೀನಿನ ಊರಿನವಳಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಆದರೆ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಆಟ ನಡೆದಾಗ, ಎರಡೂ ಕಡೆಯವರು ಒಂದೇ ಗ್ಯಾಲರಿಯಲ್ಲಿ ಬೆರೆತು ಕೂತಿದ್ದರು. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಒರಟಾಟವಾಗಿ ಇಬ್ಬರನ್ನೂ ರೆಫ್ರಿ ಹೊರಗೆ ಕಳಿಸಿದ. ಗ್ಯಾಲರಿಯಲ್ಲಿ ಹೊಡೆದಾಟ ಎದ್ದಿತು, ಜನ ಓಡಿದರು, ಒಬ್ಬರ ಮೇಲೊಬ್ಬರು ಬಿದ್ದರು. ಹದಿನಾರು ಜನ ಸತ್ತರು. ಆ ಸಂಜೆ ಎಷ್ಟು ಮನೆಗಳಲ್ಲಿ ಮೀನು ತೊಳೆದಿಟ್ಟುಕೊಂಡು ಕಾದಿದ್ದರೋ. ಅದರ ನೆನಪಿಗೆ ಆ ನಗರದಲ್ಲಿ ಪ್ರತಿ ಆಗಸ್ಟ್ 16ರಂದು ಫುಟ್‌ಬಾಲ್ ಪ್ರೇಮಿಗಳು ರಕ್ತದಾನ ಮಾಡುವ ಪದ್ಧತಿ ಬೆಳೆಯಿತು.

ಇನ್ನೊಂದು, ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ನಡೆದದ್ದು. 1985ರ ಮೇ 29, ಹೇಸೆಲ್ ಸ್ಟೇಡಿಯಂ. ಇಂಗ್ಲೆಂಡಿನ ಲಿವರ್‌ಪೂಲ್, ಇಟಲಿಯ ಯುವೆಂಟಸ್. ಇಬ್ಬರಿಗೂ ಅದು ಪರಊರು. ಆಟ ಶುರುವಾಗುವ ಮೊದಲೇ ಲಿವರ್‌ಪೂಲಿನ ಬೆಂಬಲಿಗರು ಬೇಲಿ ಮುರಿದು ಆ ಕಡೆಗೆ ನುಗ್ಗಿದರು. ಹಿಂದಕ್ಕೆ ಸರಿದವರ ಒತ್ತಡಕ್ಕೆ ಹಳೆಯ ಗೋಡೆ ಕುಸಿಯಿತು. ಸತ್ತವರು 39 ಜನ, ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಕ್ಲಬ್ಬುಗಳನ್ನು ಯುರೋಪಿನ ಪಂದ್ಯಗಳಿಂದ ಐದು ವರ್ಷ ಹೊರಗಿಟ್ಟರು. ಅದಾಗಿ ನಾಲ್ಕು ವರ್ಷಕ್ಕೆ, 1989ರ ಏಪ್ರಿಲ್ 15ರಂದು, ಅದೇ ಲಿವರ್‌ಪೂಲಿನವರು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನಕ್ಕೆ ಹೋದಾಗ ಕಿಕ್ಕಿರಿದ ಕಟಕಟೆಯಲ್ಲಿ ಸಿಕ್ಕು ತಾವೇ ಸತ್ತರು. ಕೊನೆಗೆ ಆ ಲೆಕ್ಕ 97ಕ್ಕೆ ಮುಟ್ಟಿತು. ‘ಇವರು ಪುಂಡರು, ಇವರದ್ದೇ ತಪ್ಪು’ ಎಂದು ಪೊಲೀಸರು ಹೇಳಿದರು, ಜನ ನಂಬಿದರು. ತಪ್ಪು ಬೆಂಬಲಿಗರದ್ದಲ್ಲ ಎಂದು ವಿಚಾರಣೆಯ ಪಂಚರು ಹೇಳಿದ್ದು 2016ರಲ್ಲಿ. ಮಕ್ಕಳನ್ನು ಕಳೆದುಕೊಂಡ ತಾಯಂದಿರು 27 ವರ್ಷ ಬಾಗಿಲು ತಟ್ಟಿದ್ದರು. ಕಲ್ಲೆಸೆದವನು ಒಬ್ಬನಾದರೂ ಹೆಸರು ಟೆಂಪೊದಲ್ಲಿದ್ದ ಇಪ್ಪತ್ತೈದು ಜನಕ್ಕೂ ಅಂಟುತ್ತದೆ. ಆಮೇಲೆ ಅವರಿಗೇ ಅನ್ಯಾಯವಾದರೂ ಯಾರೂ ನಂಬುವುದಿಲ್ಲ.

ಕಲ್ಲು ನಮ್ಮ ಬದಿಯಿಂದಲೇ ಹೋದಾಗ ಏನು ಮಾಡಬೇಕು? ಇದನ್ನು ಯೋಚಿಸುವಾಗ ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಒಂದು ಸಂಗತಿ ನೆನಪಾಗುತ್ತದೆ. ನಮ್ಮ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎನ್ನುತ್ತಾರೆ. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಗಳ ಕತೆ ಕೇಳಿಯೇ ನಾವು ಬೆಳೆದವರು. ಆದರೆ ಮೂಲದ ಬಾರ್ಡೋಲಿಯಲ್ಲಿ 1922ರ ಫೆಬ್ರವರಿಯಲ್ಲಿ ನಡೆದದ್ದನ್ನು ನಮಗೆ ಯಾರೂ ಒತ್ತಿ ಹೇಳಿರಲಿಲ್ಲ. ಚೌರಿಚೌರಾದಲ್ಲಿ ಚಳವಳಿಯ ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿ 22 ಪೊಲೀಸರು ಸತ್ತಾಗ, ಗಾಂಧೀಜಿ ಬಾರ್ಡೋಲಿಯಲ್ಲಿ ಕೂತು ಇಡೀ ಚಳವಳಿಯನ್ನೇ ನಿಲ್ಲಿಸಿದರು, ಐದು ದಿನ ಉಪವಾಸ ಮಾಡಿದರು. ಗೆಲ್ಲುವ ಹೊತ್ತಿನಲ್ಲಿ ನಿಲ್ಲಿಸಿದರೆಂದು ಅವರ ಮೇಲೆ ಸಿಟ್ಟಾದವರೂ ಬಹಳ. ಆ ವಾದ ಇರಲಿ. ಹೊಡೆದವರು ನಮ್ಮವರು ಎಂದು ಬಾಯಿಬಿಟ್ಟು ಹೇಳಿದ್ದಷ್ಟೇ ನನಗೆ ಮುಖ್ಯ. ನನಗೆ ಆ ಟೆಂಪೊದಲ್ಲಿ ಅಷ್ಟೂ ಆಗಲಿಲ್ಲವಲ್ಲ.

ಟರ್ಕಿಯಲ್ಲಿ ಮಾಡಿದ ಉಪಾಯವೇ ಬೇರೆ. ಇಸ್ತಾಂಬುಲಿನ ಫೆನರ್‌ಬಾಚೆ ತಂಡದ ಬೆಂಬಲಿಗರು 2011ರಲ್ಲಿ ಮೈದಾನಕ್ಕೇ ನುಗ್ಗಿದ್ದಕ್ಕೆ ಖಾಲಿ ಸ್ಟೇಡಿಯಮಿನಲ್ಲಿ ಆಡುವ ಶಿಕ್ಷೆಯಾಗಬೇಕಿತ್ತು. ಬದಲಿಗೆ, ಹೆಂಗಸರನ್ನೂ ಸಣ್ಣ ಮಕ್ಕಳನ್ನೂ ಮಾತ್ರ ಪುಕ್ಕಟೆಯಾಗಿ ಒಳಗೆ ಬಿಟ್ಟರು. ಸೆಪ್ಟೆಂಬರ್ 20ರಂದು 41 ಸಾವಿರಕ್ಕೂ ಹೆಚ್ಚು ಮಂದಿ ಬಂದರು, ಆಟಗಾರರು ಅವರತ್ತ ಹೂವೆಸೆದರು. ಫೋಟೋ ನೋಡಿದರೆ ಸಂತೋಷವೇನೋ ಆಗುತ್ತದೆ. ಆದರೂ ನನ್ನದೊಂದು ತಕರಾರು: ಗಂಡಸರ ಗಲಾಟೆಯನ್ನು ತೊಳೆದು ಒಣಗಿಸುವ ಕೆಲಸವೂ ಹೆಂಗಸರ ತಲೆಗೇ ಯಾಕೆ? ಪಾತ್ರೆ ಬಟ್ಟೆ ಸಾಲದೇ? ನನಗೆ ಇದಕ್ಕಿಂತ ಹಿಡಿಸಿದ್ದು ಡೆನ್ಮಾರ್ಕಿನವರ ರೀತಿ. ಅವರ ಭಾಷೆಯಲ್ಲಿ ‘ರೋಲಿ’ ಎಂದರೆ ಶಾಂತ. ಇಂಗ್ಲೆಂಡಿನ ‘ಹೂಲಿಗನ್’ಗೆ ಎದುರಾಗಿ ತಮ್ಮನ್ನು ‘ರೋಲಿಗನ್’ ಎಂದು ಕರೆದುಕೊಂಡು, ಎಂಬತ್ತರ ದಶಕದಿಂದ ಹೆಂಡತಿ ಮಕ್ಕಳೊಂದಿಗೆ ಪರದೇಶಗಳಿಗೆ ಹೋಗಿ ಕೂಗಿ ಬರುತ್ತಾರೆ. ಪೊಲೀಸರ ಕೋಲಿಗೆ ಕಾಯದೆ, ಪಕ್ಕದಲ್ಲಿರುವವನೇ ಪಕ್ಕದವನ ಹೆಗಲು ಹಿಡಿಯುವುದು ಅಲ್ಲಿಯ ಕ್ರಮ.

ಕಲ್ಕತ್ತೆಯೂ ಈಗ ಬೇರೆಯೇ ಒಂದು ಮುಖ ತೋರಿಸಿದೆ. 2024ರ ಆಗಸ್ಟಿನಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿ ಎಳೆಯ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದು ಊರೆಲ್ಲ ಬೀದಿಗಿಳಿದಾಗ, 18ರಂದು ನಡೆಯಬೇಕಿದ್ದ ಮೋಹನ್ ಬಗಾನ್–ಈಸ್ಟ್ ಬೆಂಗಾಲ್ ಪಂದ್ಯವನ್ನು ರದ್ದು ಮಾಡಿದರು. ಆ ಸಂಜೆ ಎರಡೂ ಕಡೆಯ ಬೆಂಬಲಿಗರು ತಮ್ಮ ತಮ್ಮ ಬಾವುಟ ಹಿಡಿದುಕೊಂಡೇ ಸ್ಟೇಡಿಯಮಿನ ಹೊರಗೆ ಸೇರಿ, ಆ ಹುಡುಗಿಗೆ ನ್ಯಾಯ ಬೇಕೆಂದು ಒಟ್ಟಿಗೆ ಕೂಗಿದರು. ಲಾಠಿಯನ್ನೂ ಒಟ್ಟಿಗೇ ತಿಂದರು.

ಅದೇ ತಿಂಗಳ 7ರ ನಡುರಾತ್ರಿ ನಮ್ಮ ಹಳೆಯ ಕಾಳಿ ಸೇತುವೆ ಕುಸಿದು ಬಿದ್ದಿತ್ತು. ಕೆಲವು ತಿಂಗಳ ಮೇಲೆ ಅಣ್ಣನ ಮಗ ಗೆಳೆಯರೊಡನೆ ಗೋವಾಕ್ಕೆ ಮ್ಯಾಚು ನೋಡಲು ಹೊರಟ. ಹೊಸ ಸೇತುವೆಯ ಮೇಲೆಯೇ ಹೋಗಬೇಕು. ‘ನಾನೂ ಬತ್ತೆ’ ಎಂದೆ. ಅತ್ತಿಗೆ ನಕ್ಕಳು. ಅಣ್ಣ ನಗಲಿಲ್ಲ. ಜಗಲಿಯಲ್ಲಿ ನಾವಿಬ್ಬರೇ ಆದಾಗ ನಾನು ಆ ಮುದುಕಿಯ ಮಾತು ತೆಗೆದೆ. ಅವನು ಬಹಳ ಹೊತ್ತು ಅಂಗಳದ ತೆಂಗಿನ ಕಟ್ಟೆ ನೋಡಿದ. ‘ನೀ ಕಂಡಿದ್ಯಾ?’ ಎಂದ. ‘ನಿಂಗೆ ಗೊತ್ತಿಲ್ಲ ಅಂದ್ಕಂಡಿದ್ದೆ.’ ಮಾರನೇ ವಾರವೇ ಒಬ್ಬನೇ ಬಸ್ಸು ಹಿಡಿದು ಆ ಹಳ್ಳಿಗೆ ಹೋಗಿದ್ದನಂತೆ. ಬುಟ್ಟಿ ಇಟ್ಟಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಕೇಳಲು ಧೈರ್ಯ ಸಾಲದೆ ತಿರುಗಿ ಬಂದನಂತೆ.

ಆ ದಿನವೂ ನಮ್ಮವರು ಸೋತರು. ಬಸ್ಸು ಹತ್ತುವಾಗ ಹಿಂದಿನಿಂದ ಸಿಳ್ಳೆ ಬಂತು. ನನ್ನ ಮುಂದಿನ ಸೀಟಿನ ಹುಡುಗ ಖಾಲಿ ಬಾಟಲಿ ಎತ್ತಿ ಕಿಟಕಿ ಸರಿಸಿದ. ನಾನು ಎದ್ದು ಅವನ ಮೊಣಕೈ ಹಿಡಿದೆ. ‘ತಮ್ಮಾ, ನೀ ಕೋಡಿಬಾಗದ ಟೀಚರ ಮಗ ಅಲ್ದಾ?’ ಎಂದು ಕೇಳಿದೆ. ನಿಜವಾಗಿ ನನಗೆ ಖಾತ್ರಿ ಇರಲಿಲ್ಲ. ಗುಂಪಿನಲ್ಲಿ ಮುಖವಿಲ್ಲದೆ ಕೂತಿದ್ದವನಿಗೆ ಒಮ್ಮೆಲೇ ಊರೂ ಮನೆಯೂ ತಾಯಿಯೂ ಬಂದುಬಿಟ್ಟವು. ‘ಅಲ್ಲ ಆಂಟಿ, ಅವ್ರು ನನ್ನ ಮಾವ್ಶಿ’ ಎಂದ. ಬಾಟಲಿ ಕಾಲ ಬುಡಕ್ಕೆ ಹೋಯಿತು. ಕಾಣಕೋಣ ದಾಟುವವರೆಗೆ ನನ್ನೊಡನೆ ಮಾವ್ಶಿಯ ಮಂಡಿನೋವಿನ ಸುದ್ದಿ ಹೇಳುತ್ತಲೇ ಇದ್ದ.

ರಾತ್ರಿ ಅಣ್ಣ ಗೇಟಿನಲ್ಲೇ ನಿಂತಿದ್ದ.

‘ಎಂತಾಯ್ತು?’

‘ಸೋತ್ರು.’

‘ಮತ್ತೆ?’

‘ಮತ್ತೆಂತ ಇಲ್ಲ. ಎಲ್ಲ ಸಮಾ ಬಂದ್ರು’ ಎಂದು ಚಪ್ಪಲಿ ಬಿಚ್ಚಿ ಒಳಗೆ ಹೋದೆ.