ಶಾಸನವೂ ದಂಡವೂ

ಕನ್ನಡದಲ್ಲಿ ‘ಶಾಸನ’ವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢವಾಗಿವೆ. ಕಲ್ಲಿನ ಮೇಲೆಯೋ ತಾಮ್ರದ ಮೇಲೆಯೋ ಕೊರೆದ ಬರಹವು ಒಂದು. ಪ್ರಜೆಗಳೆಲ್ಲರೂ ಅನುಸರಿಸತಕ್ಕ ಕಟ್ಟಳೆಯು ಇನ್ನೊಂದು. ಇವೆರಡಕ್ಕೂ ಮೂಲವಾದ ‘ಶಾಸ್’ ಎಂಬ ಸಂಸ್ಕೃತ ಧಾತುವಿಗೆ ಆಜ್ಞಾಪಿಸುವುದು, ಕಲಿಸುವುದು, ದಂಡಿಸುವುದು ಎಂಬ ಅರ್ಥಗಳುಂಟು. ‘ಶಿಷ್ಯ’ನೆಂಬ ಪದವೂ ಅಲ್ಲಿಂದಲೇ ಹುಟ್ಟಿದುದು. ಪಾಠಶಾಲೆಯಲ್ಲಿ ಈ ವ್ಯುತ್ಪತ್ತಿಯನ್ನು ಕೇಳಿದಂದು ನಾವು ಹುಡುಗರು ಗುರುಗಳ ಕೈಯ ಬೆತ್ತವನ್ನು ನೋಡಿ ಮೂರನೆಯ ಅರ್ಥವನ್ನೇ ಮೊದಲು ಗ್ರಹಿಸಿದೆವು. ಬರಹ, ಕಟ್ಟಳೆ, ದಂಡ ಇವು ಒಂದೇ ಮಾತಿನೊಳಗೆ ಕೂಡಿಕೊಂಡ ಬಗೆಯನ್ನು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ದಂಡವು ಬರಹಕ್ಕಿಂತ ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ಮನುಷ್ಯರು ಗುಂಪಾಗಿ ಬಾಳತೊಡಗಿದಂದೇ ತಪ್ಪಿದವನನ್ನು ಬಡಿಯುವ ಕೈಯೂ ಹುಟ್ಟಿರಬೇಕು. ಬರಹವು ಬಂದ ಮೇಲೆ ಹೊಸದಾಗಿ ಬಂದುದು ದಂಡವಲ್ಲ, ದಂಡದ ಅಳತೆ. ನಮಗೆ ದೊರೆತ ಲಿಖಿತ ಕಟ್ಟಳೆಗಳಲ್ಲಿ ಅತಿ ಪ್ರಾಚೀನವಾದುದು ಯೂಫ್ರೆಟಿಸ್ ನದಿಯ ಸೀಮೆಯಲ್ಲಿ ಆಳಿದ ಊರ್‌ನಮ್ಮುವಿನ ಹೆಸರಿನದು. ಕಾಲ ಸುಮಾರು ಕ್ರಿ. ಪೂ. 2100. ಒಬ್ಬನು ಇನ್ನೊಬ್ಬನ ಅಂಗವನ್ನು ಊನಗೊಳಿಸಿದರೆ ಇಷ್ಟು ತೂಕದ ಬೆಳ್ಳಿಯನ್ನು ತೆರಬೇಕೆಂದು ಅದರಲ್ಲಿ ವಿಧಿಸಿದೆ. ಕಣ್ಣಿಗೆ ಕಣ್ಣನ್ನು ಕೀಳುವ ಪ್ರಸಿದ್ಧ ವಿಧಿಯು ಬ್ಯಾಬಿಲೋನಿನ ಹಮ್ಮುರಾಬಿಯದು. ಅವನಾದರೋ ಇದಕ್ಕೆ ಮುನ್ನೂರು ವರ್ಷಗಳಿಗೂ ಮಿಕ್ಕಿ ಈಚಿನವನು. ಕಾಲ ಸರಿದಂತೆಲ್ಲ ದಂಡವು ಮೃದುವಾಗುತ್ತ ಬಂದಿತೆಂಬ ನಮ್ಮ ನಂಬಿಕೆಯು ಇಲ್ಲಿ ತಲೆಕೆಳಗಾಗುತ್ತದೆ. ಆ ವಿಧಿಯೂ ಸರಿಸಮಾನರಾದ ಕುಲೀನರೊಳಗೆ ಮಾತ್ರ ಸಲ್ಲುವಂಥದು. ಕಣ್ಣು ಕಳೆದುಕೊಂಡವನು ಸಾಮಾನ್ಯನಾದರೆ ಬೆಳ್ಳಿಯೇ ಸಾಕೆಂದಿತ್ತು. 1901ರಲ್ಲಿ ಸೂಸಾದ ನೆಲದಲ್ಲಿ ದೊರೆತು ಈಗ ಪ್ಯಾರಿಸಿನಲ್ಲಿರುವ ಆ ಏಳಡಿಗೂ ಮಿಕ್ಕ ಕರಿಗಲ್ಲಿನ ಕೊನೆಯಲ್ಲಿ ಒಂದು ಮಾತಿದೆ: ಅನ್ಯಾಯಕ್ಕೊಳಗಾದವನು ಈ ಕಲ್ಲಿನ ಬಳಿಗೆ ಬಂದು ತನ್ನ ವಿಷಯದ ಕಟ್ಟಳೆಯನ್ನು ಓದಿಸಿ ಕೇಳಿ ಮನಸ್ಸನ್ನು ಹಗುರಮಾಡಿಕೊಳ್ಳಲಿ, ಎಂದು ಅದರ ಭಾವ. ಓದಬಲ್ಲವರು ಎಷ್ಟು ಮಂದಿ ಇದ್ದರೋ! ಆದರೂ ದಂಡದ ಮಾತು ದಂಡಿಸುವವನ ನಾಲಿಗೆಯಿಂದ ಹೊರಗೆ ಬಂದು ಬೀದಿಯಲ್ಲಿ ನಿಂತಿತು.

ನಮ್ಮ ದೇಶದ ದಂಡನೀತಿಗೆ ಕೌಟಲ್ಯನ ಅರ್ಥಶಾಸ್ತ್ರವೇ ಮುಖ್ಯ ಆಕರ. ಹೆಸರು ಮಾತ್ರ ಉಳಿದಿದ್ದ ಆ ಗ್ರಂಥವು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತು. ತೀಕ್ಷ್ಣದಂಡನು ಪ್ರಜೆಗಳನ್ನು ನಡುಗಿಸುವನು, ಮೃದುದಂಡನು ತಿರಸ್ಕೃತನಾಗುವನು, ಯಥಾರ್ಹದಂಡನೇ ಪೂಜ್ಯನೆಂದು ಅಲ್ಲಿ ನಿರ್ಣಯ. ಸರಿಯೇ, ಆದರೆ ಅರ್ಹವೆಷ್ಟೆಂದು ಅಳೆಯುವ ಅಧಿಕಾರಿಯನ್ನು ಅಳೆಯುವವರು ಯಾರು?

ಈ ಪ್ರಶ್ನೆಗೆ ಒಂದು ಉತ್ತರವು ಕನ್ನಡನಾಡಿನ ಕಲ್ಲಿನಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿಯಿತು. ದೇವಿಯ ಪೀಠಕ್ಕೆ ಹಾಕಿದ್ದ ಚಪ್ಪಡಿಯಲ್ಲಿ ಅಕ್ಷರಗಳು ಕಂಡವು. ಓದಿನೋಡಲಾಗಿ ಅವು ಅಶೋಕನ ಧರ್ಮಲಿಪಿಗಳು! ಕಳಿಂಗದ ಧೌಳಿ ಮತ್ತು ಜೌಗಡಗಳಲ್ಲಿ ಮಾತ್ರ ಉಂಟೆಂದು ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಸನ್ನತಿಯ ಪ್ರತಿಯು ಅಖಂಡವಾಗಿ ಉಳಿದಿಲ್ಲವಾದುದರಿಂದ ಕಳಿಂಗದ ಪಾಠವನ್ನು ಜೊತೆಗಿಟ್ಟುಕೊಂಡು ಓದಬೇಕು.

ಈ ಶಾಸನಗಳಲ್ಲಿ ಮೊದಲನೆಯದು ಪ್ರಜೆಗಳನ್ನು ಕುರಿತುದಲ್ಲ, ನಗರದ ನ್ಯಾಯವಿಚಾರಣೆಯನ್ನು ನೋಡುವ ಮಹಾಮಾತ್ರರನ್ನು ಕುರಿತುದು. ಸೆರೆಯನ್ನೂ ಹಿಂಸೆಯನ್ನೂ ಕಾರಣವಿಲ್ಲದೆ ಅನುಭವಿಸುವವರುಂಟು, ಅಂಥವನೊಬ್ಬನಿಂದ ಬೇರೆ ಅನೇಕರೂ ದುಃಖಪಡುವರು, ನೀವು ಮಧ್ಯಸ್ಥರಾಗಿ ನಡೆಯಬೇಕು ಎಂದು ಅರಸನು ಎಚ್ಚರಿಸುತ್ತಾನೆ. ಹಾಗೆ ನಡೆಯದಂತೆ ಅಡ್ಡಬರುವ ದೋಷಗಳನ್ನು ಎಣಿಸಿ ಹೇಳುತ್ತಾನೆ: ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಆಲಸ್ಯ, ಬಳಲಿಕೆ. ಇದನ್ನು ತಿಷ್ಯನಕ್ಷತ್ರದ ದಿನ ಓದಿ ಕೇಳಿಸಬೇಕು. ಕೇಳುವವನು ಒಬ್ಬನೇ ಇದ್ದರೂ ಸಮಯವೊದಗಿದಾಗ ಓದಬೇಕು. ಐದು ವರ್ಷಗಳಿಗೊಮ್ಮೆ ಕಠಿಣಸ್ವಭಾವದವನಲ್ಲದ ಒಬ್ಬ ಅಧಿಕಾರಿಯನ್ನು ಕಳುಹಿಸಿ ಇದು ನಡೆಯುತ್ತಿದೆಯೇ ಎಂದು ನೋಡಿಸುವೆನೆಂದೂ ಬರೆಸಿದ್ದಾನೆ.

ಕೋಪವನ್ನೂ ಅಸೂಯೆಯನ್ನೂ ಯಾವ ನೀತಿಗ್ರಂಥವಾದರೂ ಹಳಿಯುತ್ತದೆ. ನ್ಯಾಯಕ್ಕೆ ಬಳಲಿಕೆಯೂ ಶತ್ರುವೆಂದು ಕಂಡುಕೊಂಡವನು ಸಾಮಾನ್ಯನಲ್ಲ. ಉಪಾಧ್ಯಾಯವೃತ್ತಿಯಲ್ಲಿ ನಾನು ಹುಡುಗರಿಗೆ ಕೊಟ್ಟ ಶಿಕ್ಷೆಗಳನ್ನು ಈಗ ನೆನೆಯುವಾಗ, ಅವುಗಳಲ್ಲಿ ಹೆಚ್ಚಿನವು ಮಧ್ಯಾಹ್ನದ ಮೇಲಿನ ಪಾಠಗಳಲ್ಲಿ ಕೊಟ್ಟವುಗಳೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಹುಡುಗರ ತುಂಟತನವು ಬೆಳಗ್ಗೆಯೂ ಅಷ್ಟೇ ಇರುತ್ತಿತ್ತು.

ಅಶೋಕನು ಮರಣದಂಡನೆಯನ್ನು ತೆಗೆದುಹಾಕಿದವನಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಉತ್ತರದ ಸ್ತಂಭಶಾಸನವೊಂದರಲ್ಲಿ ವಧೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟಿದ್ದಾನೆ; ವ್ಯವಹಾರದಲ್ಲಿಯೂ ದಂಡದಲ್ಲಿಯೂ ಸಮತೆಯಿರಬೇಕೆಂದಿದ್ದಾನೆ. ಅಷ್ಟೇ.

ಸಾವಿರ ವರ್ಷಗಳಷ್ಟು ಈಚೆಗೆ ಬಂದರೆ ಕನ್ನಡನುಡಿಯಲ್ಲಿಯೇ ಇಂಥದೊಂದು ಕಟ್ಟಳೆ ದೊರೆಯುತ್ತದೆ. ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವು ಪೂರ್ವದಲ್ಲಿ ಪುಲಿಗೆರೆ. ಬಾದಾಮಿ ಚಾಳುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಆ ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ‘ಆಚಾರವ್ಯವಸ್ಥೆ’ಯೊಂದನ್ನು ಶಿಲೆಯಲ್ಲಿ ಬರೆಸಿಕೊಟ್ಟನು. ಮನೆಗಳ ತರತಮವನ್ನು ನೋಡಿ ತೆರಬೇಕಾದ ತೆರಿಗೆ, ಕಳವಿನ ದಂಡ, ಸಣ್ಣ ತಪ್ಪುಗಳ ದಂಡ, ದಶಾಪರಾಧಗಳ ದಂಡ ಎಲ್ಲವೂ ಅದರಲ್ಲಿ ಬರುತ್ತವೆ. ನನ್ನ ಗಮನವನ್ನು ಸೆಳೆದುದಾದರೋ ಅದರ ಆರಂಭಭಾಗ. ಒಡೆಯರಿಲ್ಲದ ಮನೆ, ಅರಸರ ದತ್ತಿ, ಸಜ್ಜನರ ಪ್ರಮಾಣವಚನ, ತಾಮ್ರಶಾಸನ, ಅನುಭವಿಸುತ್ತ ಬಂದ ಭೂಮಿ ಇವುಗಳನ್ನು ರಾಜಪುರುಷರು ಕಾಯತಕ್ಕದ್ದು ಎಂದಿದೆ. ಊರವರು ಕೊಡಬೇಕಾದುದೂ ಅರಮನೆಯವರು ಮುಟ್ಟಬಾರದುದೂ ಒಂದೇ ಕಲ್ಲಿನಲ್ಲಿ ನಿಂತವು.

ನಮ್ಮ ತುಳುನಾಡಿನ ಸ್ಥಿತಿ ಬೇರೆ. ಕುಕ್ಕುಂದೂರಿನಿಂದ ಕಾರ್ಕಳದ ಗೊಮ್ಮಟಬೆಟ್ಟವು ದೂರವಿಲ್ಲ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಮೂರ್ತಿಯೂ, 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯೂ ಶಾಸನಸಹಿತವಾಗಿ ನಿಂತಿವೆ. ಕನ್ನಡದ ಅತಿ ಹಳೆಯ ತಾಮ್ರಶಾಸನಗಳಲ್ಲೊಂದಾದ ಆಳುಪರ ತಾಮ್ರಪಟವು ಸಿಕ್ಕಿದುದೂ ನೆರೆಯ ಬೆಳ್ಮಣ್ಣಿನಲ್ಲಿ. ಆದರೆ ಈ ಸೀಮೆಯ ಶಾಸನಗಳಲ್ಲಿ ಬಹುಭಾಗವು ದಾನಶಾಸನಗಳು. ಅವುಗಳಲ್ಲಿ ದಂಡವೆಂದರೆ ಶಾಪ: ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವು ತಟ್ಟುವುದು. ನೆಲದ ಪಾಲು, ಮನೆಯ ಹಕ್ಕು, ನೆರೆಹೊರೆಯ ವ್ಯಾಜ್ಯ ಇವೆಲ್ಲ ಬಾಯಿಮಾತಿನ ಕಟ್ಟಿನಲ್ಲಿಯೂ ದೈವದ ನುಡಿಯಲ್ಲಿಯೂ ತೀರುತ್ತಿದ್ದವು.

ಕಂಪೆನಿಯ ನ್ಯಾಯಾಲಯಗಳು ಬಂದ ಮೇಲೆ ಇಷ್ಟು ಸಾಲದಾಯಿತು. ಅಳಿಯಸಂತಾನಕ್ಕೆ ಆಧಾರಗ್ರಂಥವೆಲ್ಲಿ ಎಂದು ಅವು ಕೇಳಿದವು. ಕುಂಡೋದರನೆಂಬ ಭೂತಕ್ಕೆ ಬಲಿಕೊಡಲು ಮಡದಿಯು ತನ್ನ ಮಕ್ಕಳನ್ನು ಒಪ್ಪಿಸದಿರಲು, ತಂಗಿಯು ತನ್ನ ಮಗನನ್ನು ಒಪ್ಪಿಸಿದುದರಿಂದ ಅರಸನು ಸೊತ್ತನ್ನು ಅಳಿಯನಿಗೆ ಕಟ್ಟುಮಾಡಿದನೆಂಬ ಭೂತಾಳಪಾಂಡ್ಯನ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. 19ನೆಯ ಶತಮಾನದ ಮಧ್ಯದಲ್ಲಿ ಅದೇ ಅರಸನ ಹೆಸರಿನಿಂದ ಒಂದು ಕಟ್ಟುಕಟ್ಟಳೆಯ ಪುಸ್ತಕವು ಅಚ್ಚಾಗಿ ನ್ಯಾಯಾಸ್ಥಾನಗಳನ್ನು ಮುಟ್ಟಿತು. ಸಂಸ್ಕೃತವಿದ್ವಾಂಸನೂ ನ್ಯಾಯಾಧೀಶನೂ ಆಗಿದ್ದ ಬರ್ನೆಲ್ ಅದನ್ನು ಈಚಿನ ಕಾಲದ ಕೃತಕಗ್ರಂಥವೆಂದು ಎತ್ತಿತೋರಿಸಿದನು. ಗ್ರಂಥವು ಬಿದ್ದರೂ ಕಟ್ಟು ಬೀಳಲಿಲ್ಲ; ನಡೆದುಬಂದ ರೂಢಿಯೇ ಪ್ರಮಾಣವೆಂದು ನ್ಯಾಯಾಲಯಗಳು ಮುಂದುವರಿದವು. ಆದರೆ ಒಮ್ಮೆ ತೀರ್ಪಿನಲ್ಲಿ ಬರೆದ ರೂಢಿಯು ಮೊದಲಿನಂತೆ ಬಾಗುವುದಿಲ್ಲ. ಹಿಂದೆ ಯಜಮಾನನೂ ಕುಟುಂಬದವರೂ ಚಾವಡಿಯಲ್ಲಿ ಕುಳಿತು ಸಂದರ್ಭ ನೋಡಿ ಹೊಂದಿಸಿಕೊಳ್ಳುತ್ತಿದ್ದುದು, ಪಾಲನ್ನು ಹಟದಿಂದ ಕೇಳುವ ಹಕ್ಕು ಯಾರಿಗೂ ಇಲ್ಲವೆಂಬ ಗಟ್ಟಿ ನಿಯಮವಾಯಿತು. ಆ ನಿಯಮವನ್ನು ಸಡಿಲಿಸುವುದಕ್ಕೆ 1949ರ ಮದರಾಸು ಅಳಿಯಸಂತಾನ ಕಾಯಿದೆಯೇ ಬರಬೇಕಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅದರ ಮೇಲೆ ಬಂದಿತು. ಅನಂತರದ ವರ್ಷಗಳಲ್ಲಿ ಪಾಲಾದ ದೊಡ್ಡ ಮನೆಗಳ ಪಾಲುಪಟ್ಟಿಗಳು ನಮ್ಮ ಸುತ್ತಿನ ಗ್ರಾಮಗಳ ಎಷ್ಟೋ ಹಳೆಯ ಪೆಟ್ಟಿಗೆಗಳಲ್ಲಿ ಈಗಲೂ ಇವೆ.