ಮೈಸೂರಿನ ಬಡಾವಣೆಗಳು: ಮನೆ ಕೊಳ್ಳುವ ಮುನ್ನ ಸ್ವಲ್ಪ ಚರಿತ್ರೆ

ನಿವೃತ್ತಿಯ ಹೊತ್ತಿಗೆ ಮೈಸೂರಿನಲ್ಲೊಂದು ಮನೆಯಿರಲಿ ಎಂದು ಬಯಸುವ ನನ್ನ ಹಳೆಯ ವಿದ್ಯಾರ್ಥಿಗಳು, "ಮೇಷ್ಟ್ರೇ, ಯಾವ ಬಡಾವಣೆ ಒಳ್ಳೆಯದು?" ಎಂದು ಕೇಳುತ್ತಿರುತ್ತಾರೆ. ಇಂದಿನ ಬೆಲೆಗಳನ್ನು ದಲ್ಲಾಳಿಗಳು ನನಗಿಂತ ಚೆನ್ನಾಗಿ ಬಲ್ಲರು. ಚರಿತ್ರೆ ಪಾಠ ಮಾಡಿದ ನಾನು ಹೇಳಬಹುದಾದುದು ಇಷ್ಟೇ: ಆ ಬಡಾವಣೆಯನ್ನು ಯಾರು, ಯಾವಾಗ, ಯಾವ ಭಯದಿಂದ ನಿರ್ಮಿಸಿದರೆಂದು ಮೊದಲು ವಿಚಾರಿಸಿ.

ಭಯ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಆಗಿನ ಮೈಸೂರು ನಿಜಕ್ಕೂ ಚಿಕ್ಕ ಊರು. 1901ರ ಜನಗಣತಿಯಲ್ಲಿ 68,111 ಮಂದಿ, ಅಂದರೆ ಹತ್ತು ವರ್ಷಗಳ ಹಿಂದಿದ್ದುದಕ್ಕಿಂತಲೂ ಕಡಿಮೆ. ಹಳೆಯ ಕೇರಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಗಾಳಿಗೆ ಎಡೆಯಿಲ್ಲ, ಇಲಿಗಳಿಗೆ ತಡೆಯಿಲ್ಲ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾದುದು ಈ ಹಿನ್ನೆಲೆಯಲ್ಲಿ. ದೇಶದಲ್ಲೇ ಇದು ಮೊದಲನೆಯದೆಂದು ನಮ್ಮೂರಿನವರು ಹೆಮ್ಮೆಪಡುವುದುಂಟು. ಮುಂಬಯಿಯಲ್ಲಿ 1898ರಲ್ಲೇ ಅಂಥದೊಂದು ಟ್ರಸ್ಟ್ ಹುಟ್ಟಿತ್ತೆಂದು ತಿದ್ದಿದರೆ ಯಾರಿಗೂ ಹಿಡಿಸುವುದಿಲ್ಲ!

ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂಗಳಲ್ಲಿ ನಡೆದಾಡಿದರೆ ಆ ಕಾಲದ ಯೋಜನೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ನೇರ ರಸ್ತೆಗಳು, ಅವನ್ನು ಅಡ್ಡಹಾಯುವ ತಿರುವುಗಳು, ಹಿತ್ತಲಿನ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಓಣಿ. ಈ ಓಣಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಳಚರಂಡಿ ಬರುವ ಮುನ್ನ ಪಾಯಿಖಾನೆ ಶುಚಿಮಾಡುವವರು ಮುಂಬಾಗಿಲ ಬೀದಿಗೆ ಬಾರದೆ ಓಡಾಡಲೆಂದು ಮಾಡಿದ ದಾರಿಯದು. ಬಡಾವಣೆಯ ಅಂದಕ್ಕೆ ಆಧಾರವಾದವರಿಗೆ ಆ ಅಂದದ ಬೀದಿಯಲ್ಲಿ ಮನೆಯಿರಲಿಲ್ಲ. "ಹಳೆಯ ಮೈಸೂರಿನ ಸೊಗಸು" ಎಂದು ನಾವು ಕೊಂಡಾಡುವಾಗ ಇದನ್ನು ಮರೆಯುವುದು ನನಗೆ ಸರಿಕಾಣದು. ಮುಂದೆ ಒಳಚರಂಡಿ ಬಂದಿತು, ಓಣಿಗಳಿಗೆ ಕೆಲಸ ತಪ್ಪಿತು, ಎಷ್ಟೋ ಕಡೆ ಅಕ್ಕಪಕ್ಕದ ಮನೆಗಳೇ ಅವನ್ನು ನುಂಗಿದವು. ಆದ್ದರಿಂದ ಇಲ್ಲಿ ಹಳೆಯ ಮನೆ ಕೊಳ್ಳುವವರು ಕ್ರಯಪತ್ರದ ಅಳತೆಯನ್ನು ನೆಲದ ಅಳತೆಯೊಡನೆ ತಾಳೆ ನೋಡಬೇಕು. ಬಚ್ಚಲುಮನೆ ಸರ್ಕಾರದ ಓಣಿಯ ಮೇಲೆ ನಿಂತಿದ್ದರೆ ಅದಕ್ಕೂ ಸೇರಿಸಿ ಹಣ ಕೊಡುವವರು ನೀವೇ.

ಯಾದವಗಿರಿಯ ಬಗೆ ಬೇರೆ. ಎತ್ತರದ ನೆಲ, ವಿಶಾಲ ನಿವೇಶನಗಳು. ಲಕ್ಷ್ಮೀಪುರಂನ ಕೂಡುಕುಟುಂಬದಲ್ಲಿ ಬಾಳಿದ್ದ ಆರ್. ಕೆ. ನಾರಾಯಣ್ ಮನೆ ಕಟ್ಟಿಸಿದ್ದು ಇಲ್ಲಿಯೇ. 2016ರಿಂದ ಅದು ವಸ್ತುಸಂಗ್ರಹಾಲಯ. ಆ ನೆಲ ಈಗ ಮೇಷ್ಟ್ರುಗಳ ಕೈಗೆಟುಕುವಂಥದಲ್ಲ, ಬಿಡಿ. ಸರಸ್ವತೀಪುರಂ, ಕುವೆಂಪುನಗರಗಳು ಅನಂತರದವು.

ನಿಜವಾದ ಎಚ್ಚರ ಬೇಕಾದುದು ಊರಂಚಿನಲ್ಲಿ. ಮಂಡಳಿಯ ಸ್ಥಾನಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂದದ್ದು 1988ರಲ್ಲಿ. ಊರು ಬೆಳೆಯುವ ವೇಗಕ್ಕೆ ಸರ್ಕಾರಿ ನಿವೇಶನಗಳು ಸಾಲದಾದಾಗ ಗೃಹನಿರ್ಮಾಣ ಸಂಘಗಳೂ ಖಾಸಗಿಯವರೂ ಹೊಲಗದ್ದೆಗಳನ್ನು ಬಡಾವಣೆ ಮಾಡಿದರು. ಅವುಗಳಲ್ಲಿ ಒಳ್ಳೆಯವೂ ಉಂಟು. ಆದರೆ ಭೂಪರಿವರ್ತನೆಯಾಗದ, ನಕ್ಷೆಗೆ ಅನುಮೋದನೆಯಿಲ್ಲದ "ರೆವಿನ್ಯೂ ಸೈಟು"ಗಳೂ ಉಂಟು. ಪ್ಲೇಗಿನ ಕಾಲದವರು ಚರಂಡಿಯ ಚಿಂತೆಯನ್ನು ಮೊದಲು ಮಾಡಿದ್ದರು. ಇಂಥ ಕಡೆ ನಿವೇಶನ ಮೊದಲು, ಚರಂಡಿ ಎಂದೋ.

ನನ್ನನ್ನು ಒತ್ತಾಯಿಸಿ ಕೇಳಿದರೆ, ಊರಾಚೆಯ ದೊಡ್ಡ ನಿವೇಶನಕ್ಕಿಂತ ಕೃಷ್ಣಮೂರ್ತಿಪುರಂನ ಚಿಕ್ಕ ಮನೆಯೇ ಮೇಲೆನ್ನುತ್ತೇನೆ. ಔಷಧದಂಗಡಿಗೆ ನಡೆದೇ ಹೋಗಬಹುದು. ನನ್ನ ವಯಸ್ಸಿಗೆ ಅದು ಸಣ್ಣ ಮಾತಲ್ಲ. ಹೊರವಲಯವೇ ಬೇಕೆನ್ನುವವರು ಭೂಮಾಪನ ಇಲಾಖೆಯಿಂದ ಹಳೆಯ ಗ್ರಾಮನಕ್ಷೆಯ ಪ್ರತಿ ತೆಗೆಸಿರಿ. ಕೆರೆ, ಹಳ್ಳ, ಕಾಲುವೆಗಳೆಲ್ಲ ಅದರಲ್ಲಿ ಗುರುತಾಗಿರುತ್ತವೆ. ಒಮ್ಮೆ ಜೋರು ಮಳೆ ಬಂದ ಮರುದಿನ, ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ನಿವೇಶನದ ಸುತ್ತ ನಡೆದು ನೋಡಿ ಬನ್ನಿ.