ಕಡಲತೀರದ ನೀರಿನ ಬ್ಯಾಕ್ಟೀರಿಯಾ ಪರೀಕ್ಷೆ

ಜನ ಈಜುವ, ಮೀಯುವ ಕಡಲತೀರಗಳ ನೀರಿನಲ್ಲಿ ಮಲಮೂಲದ ಕಲ್ಮಶ ಎಷ್ಟಿದೆಯೆಂದು ಅಳೆಯುವ ವಿಧಾನ. ಇಂಥ ನೀರು ಬಾಯಿಗೆ ಹೋದರೆ ವಾಂತಿಭೇದಿ ಆಗಬಹುದು; ಕಿವಿ, ಕಣ್ಣು, ಚರ್ಮಕ್ಕೂ ಸೋಂಕು ತಗಲಬಹುದು. ರೋಗಾಣುಗಳನ್ನು ಒಂದೊಂದಾಗಿ ಹುಡುಕುವುದು ದುಬಾರಿಯಾದ್ದರಿಂದ, ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ಹೇರಳವಾಗಿರುವ ಈ. ಕೋಲಿ ಮತ್ತು ಎಂಟರೊಕಾಕಸ್‌ಗಳನ್ನು ಸೂಚಕಗಳಾಗಿ ಎಣಿಸುತ್ತಾರೆ.

ಇತಿಹಾಸ

ಕಡಲಸ್ನಾನದಿಂದ ರೋಗ ಬರುತ್ತದೆಯೇ ಎಂಬುದೇ ಬಹುಕಾಲ ವಿವಾದದಲ್ಲಿತ್ತು. ಕಣ್ಣಿಗೆ ಹೇಸಿಗೆಯಾಗುವಷ್ಟು ಕೊಳಕಿಲ್ಲದಿದ್ದರೆ ಅಪಾಯ ನಗಣ್ಯವೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ 1959ರ ವರದಿ ಹೇಳಿತು. ಅದು ಮುಖ್ಯವಾಗಿ ನೋಡಿದ್ದು ಪೋಲಿಯೊ, ಟೈಫಾಯ್ಡ್‌ನಂಥ ಗಂಭೀರ ರೋಗಗಳನ್ನು. ಎರಡು ದಿನದಲ್ಲಿ ವಾಸಿಯಾಗುವ ಭೇದಿ ಲೆಕ್ಕಕ್ಕೆ ಬರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ವಿಕ್ಟರ್ ಕ್ಯಾಬೆಲಿ ಈ ಕೊರತೆಯನ್ನೇ ಹಿಡಿದರು. ನ್ಯೂಯಾರ್ಕ್ ಮೊದಲಾದೆಡೆ ಸ್ನಾನಕ್ಕೆ ಬಂದವರನ್ನು ಅವರ ತಂಡ ತೀರದಲ್ಲೇ ಮಾತನಾಡಿಸಿ, ಕೆಲವು ದಿನಗಳ ನಂತರ ಫೋನ್ ಮಾಡಿ ಆರೋಗ್ಯ ವಿಚಾರಿಸಿತು. ಸ್ನಾನದ ದಿನದ ನೀರನ್ನೂ ಪರೀಕ್ಷಿಸಿತು. ಸಮುದ್ರದ ನೀರಿನಲ್ಲಿ ಹೊಟ್ಟೆಯ ಕಾಯಿಲೆಗೆ ಹೆಚ್ಚು ತಾಳೆಯಾದದ್ದು ಎಂಟರೊಕಾಕಸ್. ಅವರ ಸಂಖ್ಯಾವಿಶ್ಲೇಷಣೆಗೆ ಆಕ್ಷೇಪಗಳು ಬಂದರೂ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1986ರಲ್ಲಿ ಸೂಚಿಸಿದ ಮಿತಿಗೆ (100 ಮಿ.ಲೀ.ಗೆ 35, ಗುಣೋತ್ತರ ಸರಾಸರಿ) ಇದೇ ತಳಹದಿ.

ವಿಧಾನ

ಮೊಣಕಾಲಿನಿಂದ ಸೊಂಟದ ಆಳದ ನೀರಿನಲ್ಲಿ ನಿಂತು, ಮೇಲ್ಮೈಯಿಂದ ಸುಮಾರು 30 ಸೆಂ.ಮೀ. ಕೆಳಗೆ, ಕ್ರಿಮಿಶುದ್ಧ ಬಾಟಲಿಯಲ್ಲಿ ಮಾದರಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸುತ್ತಾರೆ. 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸಿ, ಪೊರೆಯನ್ನು ಪೋಷಕ ಮಾಧ್ಯಮದ ಮೇಲಿಟ್ಟು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಬೆಳೆಸಿದರೆ ಎಂಟರೊಕಾಕಸ್‌ನ ಸಮೂಹಗಳು ನೀಲಿ ಅಂಚಿನೊಂದಿಗೆ ಕಾಣುತ್ತವೆ. ಫಲಿತಾಂಶ ಕೈಸೇರುವಾಗ ಆ ನೀರಿನಲ್ಲಿ ಜನ ಮಿಂದು ಹೋಗಿರುತ್ತಾರೆ. ಬಿಸಿಲು ಈ ಜೀವಿಗಳನ್ನು ಕೊಲ್ಲುವುದರಿಂದ ಮುಂಜಾನೆಯ ಎಣಿಕೆ ಮಧ್ಯಾಹ್ನಕ್ಕೆ ಸಲ್ಲದಿರಬಹುದು. ಜೀವಿಗಳನ್ನು ಬೆಳೆಸದೆ ಅವುಗಳ ಡಿಎನ್‌ಎಯನ್ನೇ ಅಳೆಯುವ ಕ್ಯೂಪಿಸಿಆರ್ ವಿಧಾನ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ, ಆದರೆ ಸತ್ತ ಕೋಶಗಳ ಡಿಎನ್‌ಎಯನ್ನೂ ಎಣಿಸುತ್ತದೆ.

ಭಾರತದಲ್ಲಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸ್ನಾನ ಮತ್ತು ಜಲಕ್ರೀಡೆಯ ಕಡಲನೀರಿಗೆ 100 ಮಿ.ಲೀ.ಗೆ 100 ಮಲ ಕೋಲಿಫಾರ್ಮ್ (ಈ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು) ಎಂಬ ಮಿತಿ ಇಟ್ಟಿದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಕಡಲತೀರ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು ಹಾಗೂ ಪಡುಬಿದ್ರಿ ತೀರಗಳಿಗೆ ಅಷ್ಟೇ ನೀರಿನಲ್ಲಿ ಈ. ಕೋಲಿ 250, ಎಂಟರೊಕಾಕಸ್ 100 ಎಂಬ ಮಿತಿಯೂ ಅನ್ವಯಿಸುತ್ತದೆ.

ಮಿತಿಗಳು

ಹವಾಯಿಯಂಥ ಉಷ್ಣವಲಯದ ತೀರಗಳಲ್ಲಿ ಈ ಸೂಚಕಗಳು ಮಣ್ಣಿನಲ್ಲೂ ಬದುಕಿ ವೃದ್ಧಿಯಾಗುವುದು ಕಂಡುಬಂದಿದೆ; ಅಲ್ಲಿ ಎಣಿಕೆ ಹೆಚ್ಚಿದ್ದರೂ ಅದು ಮಲದಿಂದಲೇ ಬಂದದ್ದೆನ್ನಲಾಗದು. ಆದ್ದರಿಂದ ತಂಪು ಕಡಲುಗಳಲ್ಲಿ ರೂಪುಗೊಂಡ ಮಿತಿಗಳನ್ನು ಬೆಚ್ಚಗಿನ ತೀರಗಳಿಗೆ ಅನ್ವಯಿಸುವಾಗ, ಚರಂಡಿಯ ಹೊರಹರಿವುಗಳ ಸ್ಥಳಪರಿಶೀಲನೆಯೂ ಜೊತೆಗಿರುವುದು ಒಳಿತು.